ಹವಳದ ಚಾವಣಿಯ ಕೆಳಗೆ

ನಮ್ಮ ಮನೆಗಳಲ್ಲಿ ಹವಳವನ್ನು ಕಾಣದವರು ವಿರಳ. ತಾಳಿಯ ಇಕ್ಕೆಲದಲ್ಲಿ ಕರಿಮಣಿಗಳ ನಡುವೆ ಪೋಣಿಸಿದ ಕೆಂಪು ಮಣಿಗಳಾಗಿ, ಅಜ್ಜಿಯ ಪೆಟ್ಟಿಗೆಯಿಂದ ಮೊಮ್ಮಗಳ ಕೊರಳಿಗೆ ಇಳಿದು ಬಂದ ಸರವಾಗಿ, ಅಂಗಾರಕನ ಪ್ರೀತ್ಯರ್ಥವಾಗಿ ಬೆರಳಿಗೇರಿದ ಉಂಗುರವಾಗಿ ಅದು ನಮ್ಮ ಕಣ್ಣೆದುರಿಗೆ ಇದ್ದೇ ಇರುತ್ತದೆ. ನವರತ್ನಗಳ ಪಂಕ್ತಿಯಲ್ಲಿ ವಜ್ರ ವೈಡೂರ್ಯಗಳ ಜೊತೆಗೆ ಅದಕ್ಕೂ ಒಂದು ಮಣೆಯುಂಟು. ಆದರೆ ಆ ಮಣಿ ಎಲ್ಲಿಂದ ಬಂತೆಂದು ಮನೆಯ ಮಗು ಕೇಳಿದರೆ, “ಸಮುದ್ರದಿಂದ” ಎಂಬ ಒಂದೇ ಮಾತಿನಲ್ಲಿ ನಮ್ಮ ವಿದ್ಯೆ ಮುಗಿಯುತ್ತದೆ. ಯಾವ ಸಮುದ್ರ? ಅದರ ಯಾವ ಮೂಲೆ? ಅಲ್ಲಿ ಅದು ಕಲ್ಲಾಗಿ ಬಿದ್ದಿತ್ತೆ, ಗಿಡವಾಗಿ ನಿಂತಿತ್ತೆ, ಜೀವವಾಗಿ ಬಾಳುತ್ತಿತ್ತೆ?

ಈ ಪ್ರಶ್ನೆಗಳಿಗೆ ಸರಿಯಾದ ಉತ್ತರ ದೊರೆಯಬೇಕಾದರೆ ನಾವು ನಮ್ಮ ಪಡುವಣ ಕಡಲನ್ನು ದಾಟಿ ಬಹುದೂರ ಹೋಗಬೇಕು. ಒಡವೆಯ ಕೆಂಪು ಹವಳ ನಮ್ಮ ಕರಾವಳಿಯಲ್ಲಿ ಬೆಳೆಯುವುದಿಲ್ಲ. ಈಚಿನ ಕಾಲದಲ್ಲಿ ಜಪಾನ್, ತೈವಾನುಗಳ ಕಡಲಿನಿಂದಲೂ ಅದರ ಬಂಧುಗಳು ಪೇಟೆಗೆ ಬರುತ್ತವೆಯಾದರೂ, ಎರಡು ಸಾವಿರ ವರ್ಷಗಳಿಂದ ನಮ್ಮ ದೇಶದ ಅಕ್ಕಸಾಲಿಗರ ಕೈಸೇರುತ್ತ ಬಂದ ಹವಳದ ತವರು ಯೂರೋಪಿಗೂ ಆಫ್ರಿಕಕ್ಕೂ ನಡುವಣ ಮೆಡಿಟರೇನಿಯನ್ ಸಮುದ್ರ. ಆ ಸಮುದ್ರದಲ್ಲಿಯೂ ಬಿಸಿಲಾಡುವ ಬಯಲಿನಲ್ಲಲ್ಲ. ಆಳದ ಬಂಡೆಗಳ ಮರೆಯಲ್ಲಿ, ನೀರೊಳಗಿನ ಗುಹೆಗಳ ಚಾವಣಿಯಲ್ಲಿ, ಹಗಲು ಸೋತು ಹಿಂದಿರುಗುವ ಕತ್ತಲಿನ ಅಂಚಿನಲ್ಲಿ. ಅದನ್ನು ಧರಿಸಿದವರು ಕೋಟ್ಯಂತರ ಮಂದಿ. ಅದರ ಮನೆಗೇ ಹೋಗಿ ಅದನ್ನು ಕಂಡವರು, ಬೆನ್ನಿಗೆ ಗಾಳಿಯ ಸಿಲಿಂಡರನ್ನು ಕಟ್ಟಿಕೊಂಡು ನೀರಿಗಿಳಿದ ಕೆಲವರು ಮಾತ್ರ.

ಹೆಸರಿನಲ್ಲಿ ಅಡಗಿದ ಮರ

ಕನ್ನಡದ ‘ಹವಳ’ ಹಳಗನ್ನಡದಲ್ಲಿ ‘ಪವಳ’ವಾಗಿತ್ತು. ಅದರ ಹಿಂದಿರುವುದು ಸಂಸ್ಕೃತದ ‘ಪ್ರವಾಳ’. ಈ ಶಬ್ದಕ್ಕೆ ಎಳೆಯ ಚಿಗುರು ಎಂಬ ಅರ್ಥವೂ ಉಂಟು. ಹವಳಕ್ಕಿರುವ ಇನ್ನೊಂದು ಹೆಸರು ‘ವಿದ್ರುಮ’. ಅದರ ಒಡಲಿನಲ್ಲಿ ‘ದ್ರುಮ’, ಎಂದರೆ ಮರ, ಕುಳಿತಿದೆ. ನಾಯಿಕೆಯ ತುಟಿಯನ್ನು ವಿದ್ರುಮಕ್ಕೆ ಹೋಲಿಸಿದ ನಮ್ಮ ಕವಿಗಳಿಗೆ ಲೆಕ್ಕವಿಲ್ಲ. ಪೂರ್ವಿಕರು ಹವಳವನ್ನು ಕಡಲೊಳಗಿನ ಗಿಡವೆಂದೇ ಬಗೆದಿದ್ದರೆಂಬುದಕ್ಕೆ ಈ ಹೆಸರುಗಳು ಒಳ್ಳೆಯ ಸೂಚನೆ. ಗ್ರೀಕರ ಕಲ್ಪನೆಯೂ ಇದಕ್ಕೆ ದೂರವಾಗಿರಲಿಲ್ಲ. ವೀರನಾದ ಪರ್ಸಿಯೂಸನು ತಾನು ಕಡಿದು ತಂದ ಮೆಡೂಸಾ ಎಂಬ ಘೋರರೂಪಿಣಿಯ ತಲೆಯನ್ನು ಕಡಲ ಸೊಪ್ಪಿನ ಮೇಲೆ ಇಳಿಸಿದಾಗ ಆ ಸೊಪ್ಪು ಕಲ್ಲಾಗಿ ಹವಳವಾಯಿತೆಂದು ಅವರ ಪುರಾಣ ಹೇಳುತ್ತದೆ.

ಗಿಡವೋ ಕಲ್ಲೋ, ಅಂತೂ ಅದರ ಮೇಲಿನ ನಮ್ಮ ಮೋಹ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರ ರಾಜಭಂಡಾರಕ್ಕೆ ಸೇರಬೇಕಾದ ವಸ್ತುಗಳಲ್ಲಿ ಪ್ರವಾಳವನ್ನೂ ಹೆಸರಿಸುತ್ತದೆ. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿದ್ದ ರೋಮಿನ ಪಂಡಿತ ಪ್ಲಿನಿ, ರೋಮಿನವರಿಗೆ ಭಾರತದ ಮುತ್ತು ಹೇಗೋ ಭಾರತೀಯರಿಗೆ ಹವಳ ಹಾಗೆ ಎಂಬ ಅಭಿಪ್ರಾಯವನ್ನು ಬರೆದಿಟ್ಟಿದ್ದಾನೆ. ಅದೇ ಕಾಲದ ‘ಪೆರಿಪ್ಲಸ್’ ಎಂಬ ಗ್ರೀಕ್ ನಾವಿಕರ ಕೈಪಿಡಿಯಲ್ಲಿ, ಭರುಕಚ್ಛವೇ ಮೊದಲಾದ ನಮ್ಮ ಪಶ್ಚಿಮದ ಬಂದರುಗಳಲ್ಲಿ ಇಳಿಯುತ್ತಿದ್ದ ಸರಕುಗಳ ಪಟ್ಟಿಯಲ್ಲಿ ಹವಳವಿದೆ. ೧೭ ಮತ್ತು ೧೮ನೆಯ ಶತಮಾನಗಳಲ್ಲಿ ಇಟಲಿಯ ಲಿವೋರ್ನೋ ನಗರದ ಯೆಹೂದಿ ವರ್ತಕರು ಹವಳವನ್ನು ಲಿಸ್ಬನ್ ಮಾರ್ಗವಾಗಿ ಗೋವೆಗೆ ಕಳುಹಿಸಿ, ಅದಕ್ಕೆ ಬದಲಾಗಿ ನಮ್ಮ ವಜ್ರಗಳನ್ನು ತರಿಸಿಕೊಳ್ಳುತ್ತಿದ್ದರು. ನೆಲದೊಳಗಿನ ಕತ್ತಲಿನಿಂದ ತೆಗೆದ ರತ್ನಕ್ಕೆ ಕಡಲೊಳಗಿನ ಕತ್ತಲಿನಿಂದ ತೆಗೆದ ರತ್ನ ಬೆಲೆಯಾಯಿತು!

ಮಳೆ ಕೊರೆದದ್ದು, ಕಡಲು ತುಂಬಿದ್ದು

ಹವಳದ ಆ ಕತ್ತಲೆಮನೆಯನ್ನು ನೋಡಬೇಕೆನ್ನುವವರು ಫ್ರಾನ್ಸ್ ದೇಶದ ದಕ್ಷಿಣ ಕರಾವಳಿಗೆ ಹೋಗಬೇಕು. ಮಾರ್ಸೇಲ್ ನಗರದಿಂದ ಪೂರ್ವಕ್ಕೆ ಕಾಸಿ, ಲಾ ಸಿಯೋತಾ, ಬಾಂದೋಲ್ ಎಂಬ ಊರುಗಳವರೆಗೆ ಹಬ್ಬಿದ ಈ ದಂಡೆಯಲ್ಲಿ ಬಿಳಿಯ ಸುಣ್ಣಕಲ್ಲಿನ ಬೆಟ್ಟಗಳು ಹಲವೆಡೆ ನೆಟ್ಟನೆ ಕಡಲಿಗೆ ಇಳಿದಿವೆ. ಬೆಟ್ಟದ ಸೀಳುಗಳೊಳಕ್ಕೆ ಕಡಲು ನಾಲಗೆ ಚಾಚಿದಂತಿರುವ ಕಿರಿದಾದ ಕೊಲ್ಲಿಗಳನ್ನು ಅಲ್ಲಿಯವರು ‘ಕಲಾಂಕ್’ ಎಂದು ಕರೆಯುತ್ತಾರೆ. ೨೦೧೨ರಲ್ಲಿ ಮಾರ್ಸೇಲ್ ಬಳಿಯ ಈ ಬೆಟ್ಟಗಳನ್ನೂ ಅವುಗಳೆದುರಿನ ಸಮುದ್ರವನ್ನೂ ಸೇರಿಸಿ ರಾಷ್ಟ್ರೀಯ ಉದ್ಯಾನವನ್ನಾಗಿ ಮಾಡಿದರು.

ಸುಣ್ಣಕಲ್ಲು ನೋಡಲು ಗಟ್ಟಿ. ಆದರೆ ಮಳೆಯ ನೀರಿಗೆ ಸೋಲುವ ಸ್ವಭಾವ ಅದರದು. ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸು ಹುಳಿಯಾದ ನೀರು ಬಿರುಕುಗಳಲ್ಲಿ ಇಳಿದು, ಸಾವಿರಾರು ವರ್ಷಗಳಲ್ಲಿ ಕಲ್ಲನ್ನು ಕರಗಿಸಿ, ಓಣಿಗಳನ್ನೂ ಕೋಣೆಗಳನ್ನೂ ಮಾಡುತ್ತದೆ. ಈ ಕೆಲಸ ನಡೆದದ್ದು ಒಣನೆಲದಲ್ಲಿ. ಸುಮಾರು ೨೦ ಸಾವಿರ ವರ್ಷಗಳ ಹಿಂದೆ, ಭೂಮಿಯ ಉತ್ತರ ಭಾಗಗಳನ್ನು ಹಿಮದ ರಾಶಿ ಮುಚ್ಚಿಕೊಂಡಿದ್ದಾಗ, ಕಡಲಿನ ಮಟ್ಟ ಇಂದಿನದಕ್ಕಿಂತ ಸುಮಾರು ೧೨೦ ಮೀಟರ್ ಕೆಳಗಿತ್ತು. ಮಾರ್ಸೇಲಿನ ಕರೆ ಹಲವು ಕಿಲೋಮೀಟರ್ ಆಚೆಗಿತ್ತು. ಹಿಮ ಕರಗಿತು, ಕಡಲು ಏರಿತು, ಬೆಟ್ಟದ ಬುಡದ ಗುಹೆಗಳು ಒಂದೊಂದಾಗಿ ನೀರಿನಲ್ಲಿ ಮುಳುಗಿದುವು. ಹೀಗೆ ಮಳೆ ಕಟ್ಟಿದ ಮನೆಗೆ ಕಡಲಿನ ಜೀವಿಗಳು ಒಕ್ಕಲಾಗಿ ಬಂದುವು.

ಈ ಒಕ್ಕಲುಗಳನ್ನು ಅವುಗಳ ನೆಲೆಯಲ್ಲಿಯೇ ನಿಂತು ನೋಡುವ ಭಾಗ್ಯ ಮನುಷ್ಯನಿಗೆ ಬಹುಕಾಲ ಇರಲಿಲ್ಲ. ಉಸಿರು ಕಟ್ಟಿ ಮುಳುಗಿದವನಿಗೆ ಗುಹೆಯೊಳಗೆ ಅಡ್ಡಾಡುವಷ್ಟು ಪುರಸತ್ತಿಲ್ಲ. ಹಿತ್ತಾಳೆಯ ಶಿರಸ್ತ್ರಾಣ ತೊಟ್ಟು, ಮೇಲಿನ ದೋಣಿಯಿಂದ ಕೊಳವೆಯಲ್ಲಿ ಗಾಳಿ ಪಡೆಯುತ್ತಿದ್ದವನಿಗೆ ಆ ಕೊಳವೆಯೇ ಮೂಗುದಾರ. ಈ ಬಂಧನವನ್ನು ಬಿಡಿಸಿದ್ದು ೧೯೪೩ರಲ್ಲಿ ಸಿದ್ಧವಾದ ‘ಅಕ್ವಾಲಂಗ್’ ಎಂಬ ಉಪಕರಣ. ಫ್ರೆಂಚ್ ನೌಕಾದಳದ ಅಧಿಕಾರಿ ಜಾಕ್ ಕೂಸ್ತೋ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾನ್ ಇಬ್ಬರೂ ಸೇರಿ ಇದನ್ನು ನಿರ್ಮಿಸಿದರು. ಯುದ್ಧಕಾಲದಲ್ಲಿ ಪೆಟ್ರೋಲ್ ದೊರೆಯದೆ ಮೋಟಾರುಗಳನ್ನು ಅನಿಲದಿಂದ ಓಡಿಸುವುದಕ್ಕಾಗಿ ಗಾನ್ಯಾನ್ ರೂಪಿಸಿದ್ದ ಒಂದು ಕವಾಟವೇ ಇದಕ್ಕೆ ಮೂಲ. ಉಸಿರೆಳೆದಾಗ ಮಾತ್ರ, ಸುತ್ತಲಿನ ನೀರಿನ ಒತ್ತಡಕ್ಕೆ ಸರಿಸಮನಾದ ಒತ್ತಡದಲ್ಲಿ ಗಾಳಿಯನ್ನು ಕೊಡುವುದು ಅದರ ಚಮತ್ಕಾರ. ಇಂದಿನ ಸ್ಕೂಬಾ ಉಪಕರಣಗಳ ತತ್ತ್ವವೂ ಇದೇ.

ಆ ವರ್ಷದ ಜೂನ್ ತಿಂಗಳಿನಲ್ಲಿ ಬಾಂದೋಲ್ ಬಳಿ ಕೂಸ್ತೋ ಈ ಉಪಕರಣವನ್ನು ಹೊತ್ತು ಕಡಲಿಗಿಳಿದಾಗ ಅವರನ್ನು ಸೆಳೆದದ್ದು ಒಂದು ಇಕ್ಕಟ್ಟಾದ ಗುಹೆ. ಒಳಹೊಕ್ಕು ತಲೆಯೆತ್ತಿ ನೋಡಿದರೆ ಚಾವಣಿಯ ತುಂಬ ಲಾಬ್ಸ್ಟರುಗಳು, ಸಿಗಡಿಯ ದೊಡ್ಡಪ್ಪನಂತಿರುವ ಆ ಮೀಸೆಯ ಪ್ರಾಣಿಗಳು, ಅಂಟಿಕೊಂಡಿದ್ದುವು. ಯುದ್ಧದ ದಿನಗಳು, ಮನೆಗಳಲ್ಲಿ ಊಟಕ್ಕೆ ತತ್ವಾರ. ಅವರು ಕೆಲವನ್ನು ಬಿಡಿಸಿ, ಮೇಲೆ ಈಜುತ್ತಿದ್ದ ಪತ್ನಿ ಸಿಮೋನ್ ಅವರ ಕೈಗೆ ಒಪ್ಪಿಸಿ ಬಂದರು. ಹೊಸ ಉಪಕರಣದ ಮೊದಲ ಲಾಭ ಹೀಗೆ ಅಡುಗೆಮನೆಗೆ ಸಂದಿತು! ಮುಂದಿನ ದಶಕಗಳಲ್ಲಿ ಅದೇ ದಂಡೆಯ ಗುಹೆಗಳನ್ನು ಹೊಕ್ಕ ವಿಜ್ಞಾನಿಗಳು ತಂದ ಲಾಭ ಬೇರೆಯ ಬಗೆಯದು.

ಬೆಳಕಿನ ಹೊಸ್ತಿಲಲ್ಲಿ

ಓದುಗರು ಈಗ ಮನಸ್ಸಿನಲ್ಲಿಯೇ ಗಾಜಿನ ಮುಖವಾಡವನ್ನು ಧರಿಸಿ, ಕಾಲಿಗೆ ರಬ್ಬರಿನ ಈಜುರೆಕ್ಕೆಗಳನ್ನು ತೊಟ್ಟು, ಇಂಥ ಒಂದು ಗುಹೆಯ ಬಾಗಿಲಿಗೆ ಬರಬೇಕು. ಆಳ ಸುಮಾರು ೨೦ ಮೀಟರ್. ಸೂರ್ಯನ ಬೆಳಕಿನಲ್ಲಿರುವ ಬಣ್ಣಗಳಲ್ಲಿ ಕೆಂಪನ್ನು ನೀರು ಮೊದಲು ನುಂಗುತ್ತದೆ. ಆದುದರಿಂದ ಇಲ್ಲಿ ಸುತ್ತಲೂ ನೀಲಿಯದೇ ರಾಜ್ಯ. ಹೊರಗಿನ ಬಂಡೆಯ ಮೇಲೆ ಕಡಲ ಸೊಪ್ಪುಗಳು ಅಲೆಯ ತಾಳಕ್ಕೆ ತೂಗುತ್ತಿವೆ. ಬಾಗಿಲನ್ನು ದಾಟಿ ನಾಲ್ಕು ಮಾರು ಹೋದರೆ ಸೊಪ್ಪು ತೆಳುವಾಗುತ್ತದೆ. ಇನ್ನು ನಾಲ್ಕು ಮಾರಿಗೆ ಇಲ್ಲವೇ ಇಲ್ಲ. ಬೆಳಕಿಲ್ಲದೆ ಸಸ್ಯವಿಲ್ಲ. ಸಸ್ಯಗಳು ಬಿಟ್ಟುಕೊಟ್ಟ ಆ ಗೋಡೆಯನ್ನು ಪ್ರಾಣಿಗಳು ಆಕ್ರಮಿಸುತ್ತವೆ. ಆದರೆ ಬರಿಗಣ್ಣಿಗೆ ಅದೆಲ್ಲ ಬೂದು ಬೂದಾಗಿ, ಮಸಿ ಹಿಡಿದ ಗೋಡೆಯಂತೆ ಕಾಣುತ್ತದೆ.

ಈಗ ಕೈಯಲ್ಲಿರುವ ದೀಪವನ್ನು ಹಚ್ಚಬೇಕು. ದೀಪದ ಬೆಳಕು ಬಿದ್ದೆಡೆಯಲ್ಲಿ ಆ ಮಸಿಗೋಡೆ ಒಮ್ಮೆಗೇ ಬಣ್ಣದ ಮಂಟಪವಾಗುತ್ತದೆ. ಕಿತ್ತಳೆ, ಹಳದಿ, ನೇರಿಳೆ ಬಣ್ಣದ ಸ್ಪಂಜುಗಳು ಬಂಡೆಯ ಮೇಲೆ ಮೆತ್ತಿಕೊಂಡಿವೆ. ಇವು ಗಿಡಗಳಂತೆ ಕದಲದೆ ಕುಳಿತ ಪ್ರಾಣಿಗಳು. ಮೈಯ ಸಣ್ಣ ರಂಧ್ರಗಳಿಂದ ನೀರನ್ನೆಳೆದು, ಅದರಲ್ಲಿರುವ ಕಣಗಳನ್ನು ಸೋಸಿ ತಿಂದು, ದೊಡ್ಡ ರಂಧ್ರದಿಂದ ನೀರನ್ನು ಹೊರಕ್ಕೆ ಬಿಡುವುದೇ ಅವುಗಳ ಜೀವನ. ಅವುಗಳ ನಡುವೆ ಹಳದಿಯ ಹೂಗೊಂಚಲಿನಂತೆ ಅರಳಿರುವುದು ಹೂವಲ್ಲ. ಕಡಲಹೂವೆಂದು ಕರೆಯುವ ಪ್ರಾಣಿಗಳ ನೆಂಟರು. ಬೆರಳುದ್ದದ, ಕಿತ್ತಳೆಗೆಂಪಿನ ಕಾರ್ಡಿನಲ್ ಮೀನುಗಳು ನೆರಳಿನಲ್ಲಿ ಸುಮ್ಮನೆ ನಿಂತಿವೆ. ಈ ಮೀನುಗಳಲ್ಲಿ ಮೊಟ್ಟೆಗಳನ್ನು ಕಾಯುವ ಭಾರ ತಂದೆಯದು. ಅವು ಒಡೆಯುವವರೆಗೆ ಅವುಗಳನ್ನು ಬಾಯಲ್ಲಿ ಇಟ್ಟುಕೊಂಡು, ಉಪವಾಸವಿದ್ದು ಕಾಯುತ್ತಾನೆ ಆ ಗೃಹಸ್ಥ!

ಇನ್ನು ದೀಪವನ್ನು ಮೇಲಕ್ಕೆತ್ತಿದರೆ ಚಾವಣಿ. ಅಲ್ಲಿ ತಲೆಕೆಳಗಾಗಿ ನೇತಾಡುವ ಪುಟ್ಟ ಕೆಂಪು ಮರಗಳ ತೋಪು. ಇದೇ ನಮ್ಮ ಹವಳ. ಗೇಣುದ್ದವಿಲ್ಲದ ಕೊಂಬೆಗಳು ಒಂದರ ಪಕ್ಕದಲ್ಲಿ ಒಂದು ಒತ್ತೊತ್ತಾಗಿ ಕೆಳಕ್ಕೆ ಇಳಿದಿವೆ. ಒಂದೊಂದು ಕೊಂಬೆಯ ಮೇಲೂ ಮಂಜಿನ ಹನಿ ಚಿಮುಕಿಸಿದಂತೆ ಸಾವಿರ ಬಿಳಿಯ ನಕ್ಷತ್ರಗಳು. ಹತ್ತಿರದಿಂದ ನೋಡಿದರೆ ಒಂದೊಂದು ನಕ್ಷತ್ರಕ್ಕೂ ಎಂಟು ಎಸಳು; ಎಸಳಿನ ಅಂಚಿಗೆ ಗರಿಯಂತಹ ಕುಚ್ಚು. ಇವೇ ‘ಪಾಲಿಪ್’ ಎಂಬ ಪ್ರಾಣಿಗಳು. ನೀರಿನಲ್ಲಿ ತೇಲಿಬರುವ ಸೂಕ್ಷ್ಮ ಜೀವಿಗಳನ್ನೂ ಕಣಗಳನ್ನೂ ಆ ಎಸಳುಗಳಿಂದ ಹಿಡಿದು ತಿನ್ನುತ್ತ, ಎಲ್ಲರೂ ಸೇರಿ ಕಟ್ಟಿಕೊಂಡ ಕೆಂಪು ಸುಣ್ಣದ ಒಳಗಂಬವೇ ನಾವು ಒಡವೆ ಮಾಡಿಕೊಳ್ಳುವ ಹವಳ.

ಹವಳವೆಂದರೆ ಬೆಳಕಿನ ಮಗುವೆಂದು ನಾವು ಕೇಳಿರುತ್ತೇವೆ. ನಮ್ಮ ಮುರುಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತಲೂ ಸ್ಕೂಬಾ ಉಪಕರಣ ತೊಟ್ಟು ಮುಳುಗುವವರು ಕಾಣುವ ಹವಳಗಳು ಆ ಬಗೆಯವು. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿಗಳು ನೆಲಸಿ, ಬಿಸಿಲಿನಿಂದ ಆಹಾರವನ್ನು ಮಾಡಿಕೊಡುತ್ತವೆ. ಮೆಡಿಟರೇನಿಯನ್ನಿನ ಕೆಂಪು ಹವಳಕ್ಕೆ ಅಂಥ ಅಡುಗೆಯವರಿಲ್ಲ. ಬೆಳಕಿನ ಹಂಗು ತೊರೆದುದರಿಂದಲೇ ಅದು ಕತ್ತಲಿನಲ್ಲಿ, ಪಾಚಿಯ ಪೈಪೋಟಿಯಿಲ್ಲದೆ, ನೆಮ್ಮದಿಯಾಗಿ ಬಾಳುತ್ತದೆ.

ಮರ ಪ್ರಾಣಿಯಾದ ಕಥೆ

ಆ ಬಿಳಿಯ ನಕ್ಷತ್ರಗಳ ವಿಚಾರವಾಗಿ ನಡೆದ ವಿವಾದವೊಂದು ಇಲ್ಲಿ ಸ್ಮರಣೀಯ. ೧೭೦೬ರ ಸುಮಾರಿಗೆ ಇದೇ ಕಾಸಿ ಊರಿನಲ್ಲಿ ಇಟಲಿಯ ಮಾರ್ಸೀಲಿ ಎಂಬ ವಿದ್ವಾಂಸನು ಹೊಸದಾಗಿ ತೆಗೆದ ಹವಳದ ಕೊಂಬೆಯನ್ನು ಕಡಲನೀರಿನಲ್ಲಿ ಇಟ್ಟು ನೋಡುತ್ತಿದ್ದಾಗ ಅದರ ಮೇಲೆ ಬಿಳಿಯ ಹೂಗಳು ಅರಳಿದುವು. ಹೂ ಅರಳಿದ ಮೇಲೆ ಅದು ಗಿಡವಲ್ಲದೆ ಮತ್ತೇನು? ಹವಳ ಸಸ್ಯವೆಂಬುದು ಸಿದ್ಧವಾಯಿತೆಂದು ಪಂಡಿತರೆಲ್ಲ ಸಂತೋಷಪಟ್ಟರು. ಆದರೆ ಮಾರ್ಸೇಲಿನ ವೈದ್ಯ ಪೆಯ್ಸೊನೆಲ್ ೧೭೨೫ರಲ್ಲಿ ಉತ್ತರ ಆಫ್ರಿಕದ ಕರೆಯಲ್ಲಿ ಅದೇ ಹೂಗಳನ್ನು ಪರೀಕ್ಷಿಸಿ, ಮುಟ್ಟಿದರೆ ಅವು ಮುದುಡುವುದನ್ನು ಕಂಡು, ಇವು ಹೂಗಳಲ್ಲ, ಪ್ರಾಣಿಗಳು ಎಂದನು. ಪ್ಯಾರಿಸಿನ ವಿಜ್ಞಾನ ಅಕಾಡೆಮಿಯಲ್ಲಿ ಈ ಅಭಿಪ್ರಾಯವನ್ನು ಓದಿದ ಮಹಾವಿದ್ವಾಂಸ ರೆಯೋಮೂರ್, ಬರೆದವನು ನಗೆಪಾಟಲಾಗದಿರಲೆಂದು ಆತನ ಹೆಸರನ್ನೇ ಹೇಳಲಿಲ್ಲವಂತೆ! ೧೭೪೦ರ ದಶಕದಲ್ಲಿ ಇಂಥ ಇತರ ಜೀವಿಗಳ ಪರೀಕ್ಷೆ ನಡೆದ ಮೇಲೆ ಪೆಯ್ಸೊನೆಲನ ಮಾತು ದಿಟವೆಂದು ರೆಯೋಮೂರನೇ ಒಪ್ಪಿಕೊಂಡನು. ‘ವಿದ್ರುಮ’ದೊಳಗಿನ ಮರ ಅಂದಿಗೆ ಪ್ರಾಣಿಯಾಯಿತು.

ಕತ್ತಲಿನ ಒಳಕೋಣೆ

ಹವಳದ ಚಾವಣಿಯನ್ನು ದಾಟಿ ಒಳಕ್ಕೆ ಸರಿದಂತೆ ಹಿಂದಿನ ಬಾಗಿಲು ಚಿಕ್ಕದಾಗುತ್ತ ಹೋಗಿ, ನೀಲಿಯ ಒಂದು ನಾಣ್ಯದಂತಾಗಿ, ಕೊನೆಗೆ ತಿರುವಿನಲ್ಲಿ ಮರೆಯಾಗುತ್ತದೆ. ಜೀವಿಗಳ ಸಂದಣಿಯೂ ಕರಗುತ್ತದೆ. ಇಲ್ಲಿ ಅಲೆಯಿಲ್ಲ, ಸೆಳೆತವಿಲ್ಲ. ನೀರು ಹೊಸದಾಗಿ ಬಾರದಿದ್ದರೆ ಆಹಾರವೂ ಬಾರದು. ಆದರೂ ಈ ಬಡ ಕೇರಿಗೆ ಅನ್ನ ತರುವ ಹಮಾಲರುಂಟು. ಒಂದು ಸೆಂಟಿಮೀಟರಿನಷ್ಟೂ ಉದ್ದವಿಲ್ಲದ, ಸಿಗಡಿಯ ದೂರದ ನೆಂಟರಾದ ‘ಮೈಸಿಡ್’ ಎಂಬ ಜೀವಿಗಳು ಲಕ್ಷಗಟ್ಟಲೆ ಸೇರಿ, ಹಗಲೆಲ್ಲ ಗುಹೆಯ ಕತ್ತಲಿನಲ್ಲಿ ಮೋಡದಂತೆ ತೇಲುತ್ತವೆ. ಸಂಜೆಯಾಗುತ್ತಲೇ ಅವು ಹೊರಗೆ ಹೋಗಿ ಮೇಯುತ್ತವೆ, ಬೆಳಗಾಗುವುದರೊಳಗೆ ಹಿಂದಿರುಗುತ್ತವೆ. ಹೊಟ್ಟೆಯಲ್ಲಿ ಅವು ಹೊತ್ತು ತಂದು ಉದುರಿಸಿದ್ದೇ ಒಳಗಿನ ಹಲವರಿಗೆ ಗ್ರಾಸ.

ಇಂಥ ಒಳಕೋಣೆಗಳಿಂದ ಬಂದ ವಾರ್ತೆಗಳು ವಿಜ್ಞಾನಿಗಳನ್ನು ಒಂದಕ್ಕಿಂತ ಹೆಚ್ಚು ಬಾರಿ ಬೆರಗುಗೊಳಿಸಿವೆ. ೧೯೫೮ರಲ್ಲಿ ಜಾನ್ ವಾಸ್ಲೇ ಮತ್ತು ಕ್ಲೋದ್ ಲೆವಿ ಎಂಬ ಫ್ರೆಂಚ್ ವಿಜ್ಞಾನಿಗಳು ಮಾರ್ಸೇಲ್ ಬಳಿಯ ಗುಹೆಗಳಿಂದ ಒಂದು ವಿಚಿತ್ರ ಸ್ಪಂಜನ್ನು ವರ್ಣಿಸಿದರು. ಕಲ್ಲಿನಂತೆ ಗಟ್ಟಿಯಾದ ಸುಣ್ಣದ ಮೈಯುಳ್ಳ ಅದರ ಕುಲದವರನ್ನು ಅದುವರೆಗೆ ಬಹುಮಟ್ಟಿಗೆ ಪುರಾತನ ಶಿಲೆಗಳಲ್ಲಿನ ಪಳೆಯುಳಿಕೆಗಳಾಗಿಯೇ ಬಲ್ಲವರಾಗಿದ್ದರು. ಮಾರ್ಸೇಲಿನ ಪ್ರಾಚೀನ ನಾಮವಾದ ‘ಮಸ್ಸೀಲಿಯಾ’ವನ್ನು ಸೇರಿಸಿ ಅದಕ್ಕೆ ‘ಪೆಟ್ರೊಬಿಯೊನ ಮಸ್ಸೀಲಿಯಾನ’ ಎಂದು ಹೆಸರಿಟ್ಟರು.

ಇದಕ್ಕಿಂತ ಅಚ್ಚರಿಯದು ಲಾ ಸಿಯೋತಾ ಬಳಿಯ ‘ಮೂರು ಪಿಪಿ’ ಎಂದು ಹೆಸರಾದ ಗುಹೆಯ ಕಥೆ. ಸುಮಾರು ೨೦ ಮೀಟರ್ ಆಳದಲ್ಲಿರುವ, ನೂರು ಮೀಟರಿಗೂ ಮಿಕ್ಕಿ ಉದ್ದವಾದ ಈ ಗುಹೆ ಒಳಕ್ಕೆ ಹೋದಂತೆ ಕೆಳಕ್ಕೆ ಇಳಿಯುತ್ತದೆ. ಚಳಿಗಾಲದಲ್ಲಿ ತಣ್ಣಗಾದ ಭಾರವಾದ ನೀರು ಇಳಿಜಾರಿನಲ್ಲಿ ಹರಿದು ಒಳಗೆ ತುಂಬಿಕೊಳ್ಳುತ್ತದೆ. ಬೇಸಗೆಯಲ್ಲಿ ಹೊರಗಿನ ನೀರು ಬೆಚ್ಚಗಾದರೂ, ಹಗುರಾದ ಅದು ಮೇಲೆಯೇ ನಿಲ್ಲುತ್ತದೆ. ಒಳಗಿನ ತಣ್ಣೀರು ಬಾವಿಯ ನೀರಿನಂತೆ ಅಲ್ಲಾಡದೆ ಉಳಿಯುತ್ತದೆ. ವರ್ಷವಿಡೀ ಅಲ್ಲಿಯ ಉಷ್ಣತೆ ಸುಮಾರು ೧೩ರಿಂದ ೧೫ ಡಿಗ್ರಿ. ಮೆಡಿಟರೇನಿಯನ್ನಿನ ಮಹಾ ಆಳಗಳಲ್ಲಿರುವುದೂ ಹೆಚ್ಚು ಕಡಿಮೆ ಇಷ್ಟೇ ತಂಪು, ಇದೇ ಕತ್ತಲು, ಇದೇ ಹಸಿವು. ಕಡಲಿನ ಪಾತಾಳದ ಒಂದು ತುಣುಕು ದಂಡೆಯ ಪಕ್ಕದಲ್ಲಿಯೇ ಬಂದು ಕುಳಿತಂತಾಯಿತು. ಪಾತಾಳದ ಪ್ರಜೆಗಳೂ ಅಲ್ಲಿದ್ದರು. ಸಾಮಾನ್ಯವಾಗಿ ಬಹು ಆಳದಲ್ಲಿ ಮಾತ್ರ ದೊರೆಯುವ, ಗಾಜಿನಂತಹ ಎಳೆಗಳ ಮೈಯುಳ್ಳ ಸ್ಪಂಜುಗಳು ಅಲ್ಲಿ ಸಿಕ್ಕಿದುವು.

೧೯೯೫ರಲ್ಲಿ ಅದೇ ವಾಸ್ಲೇ, ನಿಕೋಲ್ ಬೂರಿ-ಎನೋ ಎಂಬ ವಿದುಷಿಯೊಡನೆ ಸೇರಿ, ಆ ಗುಹೆಯ ಇನ್ನೊಂದು ಸ್ಪಂಜಿನ ವೃತ್ತಾಂತವನ್ನು ಪ್ರಕಟಿಸಿದರು. ಅದು ನೀರನ್ನು ಸೋಸುವ ಸಾಧುಪ್ರಾಣಿಯಲ್ಲ, ಬೇಟೆಗಾರ! ಒಂದೂವರೆ ಸೆಂಟಿಮೀಟರಿನಷ್ಟಿರುವ ಅದರ ಮೈಯಲ್ಲಿ ನೀರೆಳೆಯುವ ರಂಧ್ರಗಳೇ ಇಲ್ಲ. ಅದರ ಬದಲು ಸೂಕ್ಷ್ಮವಾದ ಕೊಕ್ಕೆಗಳುಳ್ಳ ನೂಲಿನಂತಹ ಎಳೆಗಳಿವೆ. ತೇಲಿಬಂದ ಪುಟ್ಟ ಸಿಗಡಿಯಂತಹ ಜೀವಿ ಆ ಎಳೆಗೆ ಸಿಕ್ಕಿತೆಂದರೆ ಬಿಡುಗಡೆಯಿಲ್ಲ. ಸ್ಪಂಜಿನ ಮೈ ನಿಧಾನವಾಗಿ ಬೆಳೆದು ಬಂದು ಅದನ್ನು ಸುತ್ತಿಕೊಂಡು, ಕೆಲವು ದಿನಗಳಲ್ಲಿ ಜೀರ್ಣಿಸಿಬಿಡುತ್ತದೆ. ಈ ಸ್ಪಂಜಿನ ಬಂಧುಗಳು ಎಂಟು ಸಾವಿರ ಮೀಟರಿಗೂ ಮಿಕ್ಕ ಆಳದಿಂದ ದೊರೆತಿದ್ದರೂ, ಅವು ಬದುಕುವ ಬಗೆಯನ್ನು ಕಂಡವರಿರಲಿಲ್ಲ. ಆ ಗುಟ್ಟು ಒಡೆದದ್ದು ಊರ ಹತ್ತಿರದ ಈ ಗುಹೆಯಲ್ಲಿ.

ಗಾಳಿಯ ಲೆಕ್ಕ

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯ ಮಾತನ್ನು ಹೇಳದಿದ್ದರೆ ತಪ್ಪಾದೀತು. ಬಯಲು ಕಡಲಿನಲ್ಲಿ ಮುಳುಗಿದವನಿಗೆ ಆಪತ್ತು ಬಂದರೆ ಮೇಲಕ್ಕೆ ಹೋಗುವ ದಾರಿಯಾದರೂ ತೆರೆದಿರುತ್ತದೆ. ಗುಹೆಯಲ್ಲಿ ಮೇಲಿರುವುದು ಕಲ್ಲು. ಬಂದ ದಾರಿಯೇ ಹೋಗುವ ದಾರಿ. ಹಗಲಿನ ಬೆಳಕು ಕಣ್ಣಿಗೆ ಕಾಣುವಷ್ಟು ದೂರ ಹೋಗಿ ಹಿಂದಿರುಗುವುದು ಒಂದು ವಿದ್ಯೆ. ಅದಕ್ಕೂ ಶಿಕ್ಷಣ ಬೇಕು. ಆ ಬ���ಳಕು ಮರೆಯಾದ ಮುಂದಿನದು ಬೇರೆಯದೇ ವಿದ್ಯೆ. ಅದು ಅದರಲ್ಲಿ ಪಳಗಿದ ಕೆಲವರಿಗೆ ಮಾತ್ರ.

ಗಾಳಿಯ ಲೆಕ್ಕವನ್ನೇ ನೋಡಿ. ೧೨ ಲೀಟರಿನ ಸಿಲಿಂಡರಿನಲ್ಲಿ ೨೦೦ ವಾಯುಭಾರದ ಒತ್ತಡದಲ್ಲಿ ತುಂಬಿದ ಗಾಳಿ ಹೊರಗಿನ ಲೆಕ್ಕಕ್ಕೆ ಸುಮಾರು ೨,೪೦೦ ಲೀಟರ್. ದಡದ ಮೇಲೆ ಮಿನಿಟಿಗೆ ೨೦ ಲೀಟರ್ ಉಸಿರಾಡುವವನಿಗೆ ಅದು ಎರಡು ಗಂಟೆಗಳ ಉಸಿರು. ೨೦ ಮೀಟರ್ ಆಳದಲ್ಲಿ ಒತ್ತಡ ಮೂರು ಪಟ್ಟು. ಗಾಳಿಯ ವೆಚ್ಚವೂ ಮೂರು ಪಟ್ಟು. ಎರಡು ಗಂಟೆ ನಲವತ್ತು ಮಿನಿಟಾಯಿತು. ಗುಹೆ ಹೊಕ್ಕುವವರ ಧರ್ಮವೆಂದರೆ ಗಾಳಿಯ ಮೂರನೆಯ ಒಂದು ಪಾಲು ಹೋಗಲು, ಒಂದು ಪಾಲು ಬರಲು, ಉಳಿದ ಪಾಲು ಆಪತ್ತಿಗೆ. ಎಂದರೆ ಒಳಕ್ಕೆ ಹೋಗಲು ದೊರೆತದ್ದು ಹದಿಮೂರು ಮಿನಿಟು! ಭಯಗೊಂಡವನ ಉಸಿರು ಇನ್ನೂ ಬೇಗ ಕರಗುತ್ತದೆ. ಅಮೆರಿಕದ ಗುಹಾನ್ವೇಷಕ ಶೆಕ್ ಎಕ್ಸ್‌ಲಿ ೧೯೭೯ರಲ್ಲಿ ಪ್ರಕಟಿಸಿದ ಕೈಪುಸ್ತಕದಲ್ಲಿ ನಡೆದ ಅಪಘಾತಗಳನ್ನೇ ಪಾಠವಾಗಿ ಮಾಡಿಕೊಂಡು ಈ ‘ಮೂರನೆಯ ಪಾಲಿನ’ ನಿಯಮವನ್ನೂ, ಬಾಗಿಲಿನಿಂದ ಕಡಿಯದೆ ಎಳೆದುಕೊಂಡು ಹೋಗಬೇಕಾದ ದಾರದ ನಿಯಮವನ್ನೂ ಬೋಧಿಸಿದರು.

ಗಾಳಿ ಸಾಲದಿದ್ದರಷ್ಟೇ ಅಲ್ಲ, ಗಾಳಿ ಕೆಟ್ಟಿದ್ದರೂ ಅಪಾಯವೇ. ೧೯೪೬ರಲ್ಲಿ ಸ್ವತಃ ಕೂಸ್ತೋ ತಮ್ಮ ಸಂಗಡಿಗರೊಡನೆ ವೋಕ್ಲ್ಯೂಸ್ ಎಂಬಲ್ಲಿಯ ಆಳವಾದ ನೀರಿನ ಬುಗ್ಗೆಯ ಗುಹೆಗೆ ಇಳಿದಾಗ, ಸಿಲಿಂಡರುಗಳಿಗೆ ಗಾಳಿ ತುಂಬಿದ ಯಂತ್ರ ತನ್ನ ಹೊಗೆಯನ್ನೇ ಒಳಗೆ ಎಳೆದುಕೊಂಡಿದ್ದುದರಿಂದ, ವಿಷವಾಯುವಿನ ಮಂಪರು ಕವಿದು ಸಾವಿನ ಬಾಗಿಲನ್ನು ಮುಟ್ಟಿ ಬಂದರು. ಇನ್ನೊಂದು ಶತ್ರು ಕೆಸರು. ಗುಹೆಯ ನೆಲದ ಮೇಲೆ ಶತಮಾನಗಳಿಂದ ಕುಳಿತ ಹಿಟ್ಟಿನಂತಹ ಮಣ್ಣು ಈಜುರೆಕ್ಕೆಯ ಒಂದು ಅಜಾಗರೂಕ ಬಡಿತಕ್ಕೆ ಎದ್ದರೆ, ಕೈಯ ದೀಪ ಕೈಗೇ ಕಾಣದು.

ಈ ಮಾತಿಗೆ ದುಃಖದ ನಿದರ್ಶನ ಅದೇ ದಂಡೆಯಲ್ಲಿದೆ. ಕಾಸಿಯ ಮುಳುಗುಗಾರ ಆನ್ರಿ ಕೋಸ್ಕೇರ್ ೧೯೮೫ರಲ್ಲಿ ೩೭ ಮೀಟರ್ ಆಳದ ಒಂದು ಬಾಯಿಯಿಂದ ಹೊಕ್ಕು, ನೂರು ಮೀಟರಿಗೂ ಉದ್ದವಾದ ಇಕ್ಕಟ್ಟಿನ ಓಣಿಯಲ್ಲಿ ಮೇಲಕ್ಕೆ ಸಾಗಿ, ನೀರಿನ ಮಟ್ಟಕ್ಕಿಂತ ಮೇಲಿರುವ ವಿಶಾಲವಾದ ಕೋಣೆಯನ್ನು ಕಂಡರು. ೧೯೯೧ರಲ್ಲಿ ಅವರ ದೀಪಕ್ಕೆ ಅಲ್ಲಿಯ ಗೋಡೆಯ ಮೇಲೆ ಮನುಷ್ಯನ ಅಂಗೈಯ ಗುರುತು ಕಾಣಿಸಿತು. ಸುಮಾರು ೨೭ ಸಾವಿರ ವರ್ಷಗಳ ಹಿಂದಿನ ಕೈಗುರುತುಗಳು. ಅವುಗಳ ಜೊತೆಗೆ ಕುದುರೆ, ಕಾಡುಕೋಣಗಳಲ್ಲದೆ ಕಡಲನಾಯಿಗಳ, ಈಗ ನಿರ್ವಂಶವಾದ ಕಡಲಹಕ್ಕಿಯ ಚಿತ್ರಗಳು. ಚಿತ್ರ ಬರೆದವರು ಕಾಲ್ನಡಿಗೆಯಲ್ಲಿ ಬಂದ ದಾರಿಯಲ್ಲಿಯೇ ಈಗ ಈಜಬೇಕು. ಅದೇ ವರ್ಷ ಮೂವರು ಮುಳುಗುಗಾರರು ಆ ಓಣಿಯಲ್ಲಿ ದಾರಿ ತಪ್ಪಿ ಪ್ರಾಣ ಬಿಟ್ಟರು. ಅನಂತರ ಗುಹೆಯ ಬಾಯಿಯನ್ನು ಮುಚ್ಚಿಸಲಾಯಿತು. ೨೦೨೨ರಲ್ಲಿ ಮಾರ್ಸೇಲ್ ನಗರದಲ್ಲಿ ಆ ಗುಹೆಯ ಪ್ರತಿಕೃತಿಯನ್ನು ಕಟ್ಟಿ ತೆರೆದರು. ಈಗ ಮಕ್ಕಳು ಮರಿಗಳೂ ಮೈ ನೆನೆಸಿಕೊಳ್ಳದೆ ಅದನ್ನು ನೋಡಬಹುದು.

ಗುಹೆಗೆ ಒದಗಿದ ಅಪಾಯ

ಗುಹೆಯಿಂದ ಮನುಷ್ಯನಿಗೆ ಅಪಾಯವಿರುವಂತೆ ಮನುಷ್ಯನಿಂದ ಗುಹೆಗೂ ಅಪಾಯವುಂಟು. ಮುಳುಗುಗಾರನು ಬಿಡುವ ಉಸಿರು ಗುಳ್ಳೆಗಳಾಗಿ ಏರಿ ಚಾವಣಿಯ ಕುಳಿಗಳಲ್ಲಿ ನಿಲ್ಲುತ್ತದೆ. ನಮಗೆ ಪ್ರಾಣವಾದ ಆ ಗಾಳಿಯಲ್ಲಿ ಸಿಕ್ಕಿಕೊಂಡ ಹವಳಕ್ಕೂ ಸ್ಪಂಜಿಗೂ ಅದೇ ಮರಣ. ನೀರಿನಿಂದ ತೆಗೆದ ಮೀನಿನಂತಾಗುತ್ತದೆ ಅವುಗಳ ಪಾಡು. ರೆಕ್ಕೆ ತಾಗಿದರೆ ಕೊಂಬೆ ಮುರಿಯುತ್ತದೆ. ಎದ್ದ ಕೆಸರು ಪಾಲಿಪುಗಳ ಬಾಯಿಯನ್ನು ಮುಚ್ಚುತ್ತದೆ.

ಹವಳವನ್ನು ಬೇಕೆಂದೇ ಮುರಿದು ತಂದವರ ಕಥೆ ದೊಡ್ಡದು. ಶತಮಾನಗಳ ಕಾಲ ದೋಣಿಗಳು ಮರದ ಭಾರವಾದ ಶಿಲುಬೆಗೆ ಬಲೆಗಳನ್ನು ಕಟ್ಟಿ ಕಡಲಿನ ತಳದ ಬಂಡೆಗಳ ಮೇಲೆ ಎಳೆದುವು. ಕೈಗೆ ಬಂದದ್ದಕ್ಕಿಂತ ಮುರಿದು ಬಿದ್ದದ್ದು ಹೆಚ್ಚು. ಯುರೋಪಿನ ಒಕ್ಕೂಟ ಈ ಸಾಧನವನ್ನು ನಿಷೇಧಿಸಿದ್ದು ೧೯೯೪ರಲ್ಲಿ. ಶಿಲುಬೆ ಹೋಗಲಾರದ ಗುಹೆಗಳಿಗೆ ಸ್ಕೂಬಾ ಉಪಕರಣ ತೊಟ್ಟು ಕೊಡಲಿ ಹಿಡಿದವರು ಹೋದರು. ಹವಳದ ಕಾಂಡ ವರ್ಷಕ್ಕೆ ದಪ್ಪವಾಗುವುದು ಸುಮಾರು ಕಾಲು ಮಿಲಿಮೀಟರ್. ಆರು ಮಿಲಿಮೀಟರಿನ ಒಂದು ಮಣಿ ಆಗಬೇಕಾದರೆ ಕಡಿಮೆಯೆಂದರೂ ಇಪ್ಪತ್ತನಾಲ್ಕು ವರ್ಷ. ಮದುವೆಯ ದಿನ ಮಗಳ ಕೊರಳಿಗೇರುವ ಹವಳದ ಮಣಿಗೆ ಹೆಚ್ಚು ಕಡಿಮೆ ಮದುಮಗಳ ವಯಸ್ಸೇ ಆಗಿರುತ್ತದೆ! ಕಡಿಯುವುದಕ್ಕೆ ಬೇಕಾದದ್ದು ಒಂದು ಗಳಿಗೆ.

ಈ ಕೈಗಳನ್ನು ಕಾನೂನಿನಿಂದ ತಡೆಯಬಹುದು. ಬಿಸಿಯಾಗುತ್ತಿರುವ ಕಡಲನ್ನು ತಡೆಯುವುದು ಅಷ್ಟು ಸುಲಭವಲ್ಲ. ೧೯೯೯ರ ಬೇಸಗೆಯ ಕೊನೆಯಲ್ಲಿ ಆ ಕರಾವಳಿಯ ನೀರು ೪೦ ಮೀಟರ್ ಆಳದವರೆಗೂ ೨೩–೨೪ ಡಿಗ್ರಿಯವರೆಗೆ ಕಾದು, ವಾರಗಟ್ಟಲೆ ಹಾಗೆಯೇ ನಿಂತಿತು. ಸ್ಪಂಜುಗಳೂ ಹವಳಗಳೂ ಅವುಗಳ ಬಂಧುಗಳಾದ ಬೀಸಣಿಗೆಯಂತಹ ಜೀವಿಗಳೂ ರಾಶಿರಾಶಿಯಾಗಿ ಸತ್ತುವು. ೨೦೦೩ರಲ್ಲಿಯೂ ೨೦೨೨ರಲ್ಲಿಯೂ ಮತ್ತೆ ಅಂಥ ಬೇಗೆ ಬಂದಿತು. ಗುಹೆಯ ಹಮಾಲರಾದ ಮೈಸಿಡ್ಡುಗಳಿಗೂ ಪೆಟ್ಟು ತಪ್ಪಲಿಲ್ಲ. ೧೯೯೭ ಮತ್ತು ೧೯೯೯ರ ಬಿಸಿಯ ಅನಂತರ ಮಾರ್ಸೇಲ್ ಬಳಿಯ ಗುಹೆಗಳಲ್ಲಿ ಅಲ್ಲಿಯ ಮೂಲನಿವಾಸಿಗಳಾಗಿದ್ದ ಒಂದು ಜಾತಿಯ ಮೈಸಿಡ್ ಕ್ಷೀಣಿಸಿ, ಬಿಸಿಯನ್ನು ತಾಳಬಲ್ಲ ಇನ್ನೊಂದು ಜಾತಿ ಅದರ ಮನೆಯನ್ನು ಹಿಡಿಯಿತು. ನೂರು ವರ್ಷ ಬಾಳಬಲ್ಲ ಹವಳಕ್ಕೆ ಅಷ್ಟು ಬೇಗ ಉತ್ತರಾಧಿಕಾರಿ ಸಿಕ್ಕುವುದಿಲ್ಲ.

ಆದುದರಿಂದ ಬಲ್ಲ ಮುಳುಗುಗಾರರು ಇಂಥ ಗುಹೆಗಳಲ್ಲಿ ದೇವಾಲಯದ ಗರ್ಭಗುಡಿಯ ಎದುರಿಗೆ ನಿಂತಂತೆ ನಡೆದುಕೊಳ್ಳುತ್ತಾರೆ. ಇಬ್ಬರು ಮೂವರಿಗಿಂತ ಹೆಚ್ಚು ಮಂದಿ ಒಮ್ಮೆಗೆ ಹೋಗುವುದಿಲ್ಲ. ಚಾವಣಿಯ ಕೆಳಗೆ ಬಹಳ ಹೊತ್ತು ನಿಲ್ಲುವುದಿಲ್ಲ. ಕೈಯನ್ನು ಮೈಗೆ ಆನಿಸಿಕೊಂಡಿರುತ್ತಾರೆ. ಹಗಲಿನ ಬೆಳಕು ಕಾಣುವವರೆಗೆ ಹೋಗಿ, ಗಾಳಿಯ ಮೊದಲ ಪಾಲು ಮುಗಿಯುವ ಮೊದಲೇ ಹಿಂದಿರುಗುತ್ತಾರೆ. ದೀಪ ಆರಿಸಿದೊಡನೆ ಕೆಂಪು ತೋಪು ಮತ್ತೆ ಕಪ್ಪಾಗುತ್ತದೆ. ಬಿಳಿಯ ನಕ್ಷತ್ರಗಳು ಯಾರೂ ನೋಡದಿದ್ದರೂ ಅರಳಿಯೇ ಇರುತ್ತವೆ.

ನೀರಿಗಿಳಿಯದ ನಮ್ಮಂಥವರಿಗೂ ಇದರಲ್ಲಿ ಒಂದು ಪಾಲಿನ ಹೊಣೆಯುಂಟು. ಮನೆಯಲ್ಲಿರುವ ಹಳೆಯ ಹವಳ ಸವೆದಿದೆಯೆಂದು ಮೂಲೆಗೆ ಸೇರಿಸಿ ಹೊಸದನ್ನು ಕೊಳ್ಳುವ ಮುನ್ನ ಅದಕ್ಕೆ ಹೊಸ ದಾರ ಹಾಕಿಸಿದರೆ ಸಾಕೆ ಎಂದು ಯೋಚಿಸಬಹುದು. ಒಮ್ಮೆ ಕಡಲು ಕೊಟ್ಟ ಮಣಿ ನಾಲ್ಕು ತಲೆಮಾರಿಗೆ ಬರುತ್ತದೆ. ಅದು ಎಲ್ಲಿಂದ ಬಂತೆಂದು ಕೇಳುವ ಮಗುವಿಗೆ, ಅದು ಕಲ್ಲಲ್ಲ, ಕತ್ತಲಿನಲ್ಲಿ ನಿಧಾನವಾಗಿ ಬಾಳಿದ ಸಾವಿರ ಜೀವಗಳು ಕಟ್ಟಿದ ಮನೆ ಎಂದು ಇನ್ನು ಮುಂದೆ ನಾವು ಹೇಳಬಹುದು.